ಬಲದ ತೋಳಿನ ಅಸ್ತರು

ನಾನು ಬಿಚ್ಚಿದ್ದು ನಾಲ್ಕು ಬೆರಳು ಅಗಲದಷ್ಟು ಹೊಲಿಗೆ ಮಾತ್ರ. ಅದರಿಂದ ಹೊನ್ನಾವರದ ಒಬ್ಬ ಹಿರಿಯರು ಇಡೀ ಬಂದರಿನ ಎದುರು ನಿಂತು, ತಮ್ಮ ತಂದೆ ತಾತಂದಿರು ಹೇಳಿದ್ದೆಲ್ಲ ಸುಳ್ಳು ಎಂದು ಹೇಳಬೇಕಾಯಿತು. ಈ ಕತೆಯನ್ನು ನಾನು ಕೆಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ನನ್ನನ್ನು ಒಂದಿಷ್ಟು ಒಳ್ಳೆಯವಳನ್ನಾಗಿ ಮಾಡಿಕೊಂಡೇ ಹೇಳಿದ್ದೇನೆ. ಈ ಸಲ ಹಾಗೆ ಮಾಡದೆ ಬರೆಯಲು ನೋಡುತ್ತೇನೆ.

ನನ್ನ ಅಪ್ಪ ಭಟ್ಕಳ ಪೇಟೆಯಲ್ಲಿ ಕೋಟು ಹೊಲಿಯುವ ದರ್ಜಿ. ಮನೆ ಹೆಬಳೆಯಲ್ಲಿ. ಬೆಳಿಗ್ಗೆ ಗಂಜಿ ಉಂಡು ನಡೆದೇ ಪೇಟೆಗೆ ಹೋಗುತ್ತಿದ್ದರು. ಮದುವೆಯ ಕಾಲ ಬಂತೆಂದರೆ ನವಾಯತ ಮುಸಲ್ಮಾನರ ಮನೆಗಳಿಂದ ಶೇರ್ವಾನಿ, ಕೋಟುಗಳ ಕೆಲಸ ಬಂದು ಬೀಳುತ್ತಿತ್ತು. ಆಗ ಅಪ್ಪ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ, ನಾನು ಬುತ್ತಿ ಒಯ್ಯಬೇಕು. ಬುತ್ತಿ ಒಯ್ದವಳು ಅಲ್ಲೇ ಕೂತು ಗುಂಡಿ ಹಚ್ಚಲು ಕಲಿತೆ, ಕಾಜಾ ಹೊಲಿಯಲು ಕಲಿತೆ, ಕಡೆಗೆ ಕೋಟೇ ಹೊಲಿಯಲು ಕಲಿತೆ. ಹೆಣ್ಣುಮಕ್ಕಳು ರವಿಕೆ, ಲಂಗ ಹೊಲಿದರೆ ಸಾಕು ಎನ್ನುತ್ತಿದ್ದ ಕಾಲ ಅದು. ಮಗಳಿಗೆ ಕೋಟು ಎಂತಕ್ಕೆ ಎಂದು ಅಂಗಡಿಗೆ ಬಂದವರು ಕೇಳಿದರೆ ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. ನನಗೋ, ಹಾಗೆ ಕೇಳಿದವರ ಮೇಲೆ ಹೇಳಲಾರದಷ್ಟು ಸಿಟ್ಟು. ಆ ಸಿಟ್ಟಿಗೇ ಅರ್ಧ ಕಲಿತೆ ಅಂದರೂ ತಪ್ಪಾಗದು.

ನಮ್ಮ ಕಡೆಯ ದರ್ಜಿಗಳಿಗೆ ಪುಸ್ತಕ ಇರಲಿಲ್ಲ. ಹೊಸ ನಮೂನೆಯ ಕೋಟೊಂದು ಮುಂಬಯಿಯಿಂದಲೋ ಕೊಲಂಬೊದಿಂದಲೋ ಬಂತು ಅನ್ನಿ. ಯಾರೋ ಅದನ್ನು ಸಡಿಲ ಮಾಡಲೆಂದು ಅಂಗಡಿಗೆ ತಂದು ಕೊಡುತ್ತಿದ್ದರು. ಸಡಿಲ ಮಾಡುವ ನೆವದಲ್ಲಿ ಅಪ್ಪ ಅದನ್ನು ಬಿಚ್ಚಿ, ತುಂಡುಗಳನ್ನು ಹಳೆಯ ಪೇಪರಿನ ಮೇಲೆ ಹರಡಿ, ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಟ್ಟುಕೊಂಡು, ಮತ್ತೆ ಮೊದಲಿನಂತೆ ಹೊಲಿದು ಕೊಡುತ್ತಿದ್ದರು. ಗಿರಾಕಿಗೆ ಗೊತ್ತಾಗುತ್ತಿರಲಿಲ್ಲ. ಅದು ಕಳ್ಳತನ ಎಂದು ನನಗೆ ಒಮ್ಮೆಯೂ ಅನಿಸಿದ್ದಿಲ್ಲ, ವಿದ್ಯೆ ಬರುವುದೇ ಹಾಗೆ ಎಂದುಕೊಂಡಿದ್ದೆ. ಎಲ್ಲ ದರ್ಜಿಗಳೂ ಹಾಗೇ ಮಾಡುತ್ತಿದ್ದರು.

ಎಪ್ಪತ್ತರ ದಶಕದ ನಡುವೆ ನನಗೆ ಕುಮಟೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಾಳಿಗೆಯ ಮೇಲೆ ಕ್ಲಾಸು. ಹದಿನಾಲ್ಕು ಮಿಷನ್ನು, ಅವುಗಳಲ್ಲಿ ಓಡುವವು ಒಂಬತ್ತು. ಹುಡುಗಿಯರು ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ಕಲಿಸಬೇಕಾದದ್ದು ರವಿಕೆ, ಫ್ರಾಕು, ಪೈಜಾಮ. ಇದನ್ನೇ ಕಲಿಸಿ ಕಲಿಸಿ ನನಗೆ ಬೇಸರ ಹತ್ತಿತ್ತು. ಒಂದು ಸಂಜೆ ಕಾಲೇಜಿನ ಲೈಬ್ರರಿಯಲ್ಲಿ ಉಡುಪುಗಳ ಚರಿತ್ರೆಯ ಒಂದು ದಪ್ಪ ಪುಸ್ತಕ ಕಣ್ಣಿಗೆ ಬಿತ್ತು. ಅದರಲ್ಲಿ ಹದಿನೆಂಟನೆಯ ಶತಮಾನದ ಗಂಡಸರ ಸೂಟುಗಳ ಚಿತ್ರಗಳಿದ್ದವು. ಮಂಡಿಯವರೆಗೆ ಇಳಿಯುವ ಕೋಟು, ಒಳಗೆ ಹೂವಿನ ಕಸೂತಿಯ ವೇಸ್ಟ್‌ಕೋಟು, ಮಂಡಿಯ ಕೆಳಗೆ ಗುಂಡಿ ಬಿಗಿಯುವ ಇಜಾರು. ಮಿಷನ್ನು ಹುಟ್ಟುವ ಎಷ್ಟೋ ಮೊದಲಿನ ಹೊಲಿಗೆ. ಭುಜಕ್ಕೆ ದಿಂಬಿಲ್ಲ, ಎದೆಗೆ ಚುಕ್ಕೆಯಷ್ಟೂ ಮಡಿಕೆಯಿಲ್ಲ, ಆದರೂ ಕೋಟು ಮೈಗೆ ಅಚ್ಚು ಹೊಯ್ದ ಹಾಗೆ ಕೂತಿದೆ. ಹೇಗೆ ಕೂತಿತು ಎಂಬುದು ಚಿತ್ರದಲ್ಲಿ ಕಾಣುತ್ತಿರಲಿಲ್ಲ. ಅದು ಕಾಣಬೇಕಾದರೆ ಕೋಟಿಗೆ ಒಳಗಿನಿಂದ ಹಚ್ಚಿದ ಅಸ್ತರಿನ ಒಳಗೆ ನೋಡಬೇಕು.

ಆ ಚಿತ್ರಗಳನ್ನು ನಾನು ಬೋರ್ಡಿನ ಮೇಲೆ ಬರೆದು ತೋರಿಸಿದ ದಿನ, ಹೊನ್ನಾವರದಿಂದ ಬರುತ್ತಿದ್ದ ಒಬ್ಬ ಹುಡುಗಿ ಕ್ಲಾಸು ಮುಗಿದ ಮೇಲೆ ನಿಂತಳು. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥದ್ದೇ ಒಂದು ಉಂಟು, ಸಾಲಾಗಿ ಕಾಜಾ ಇದೆ, ಆದರೆ ಅರ್ಧಕ್ಕರ್ಧ ಕಾಜಾಗಳನ್ನು ಕತ್ತರಿಸಿಯೇ ಇಲ್ಲ, ಬರೀ ಹೊಲಿದು ಬಿಟ್ಟಿದ್ದಾರೆ ಎಂದಳು. ಕತ್ತರಿಸದ ಕಾಜಾ ಆ ಕಾಲದ ಗುರುತು ಎಂದು ಪುಸ್ತಕದಲ್ಲಿ ಹಿಂದಿನ ವಾರವಷ್ಟೇ ಓದಿದ್ದೆ. ಹುಡುಗಿ ಅದನ್ನು ಓದಿರಲಿಕ್ಕೆ ಸಾಧ್ಯವೇ ಇರಲಿಲ್ಲ.

ಅವಳ ಅಜ್ಜ ತಾಂಡೇಲರು. ದೋಣಿಯಲ್ಲಿ ಚುಕ್ಕಾಣಿ ಹಿಡಿದು ಉಳಿದವರನ್ನು ನಡೆಸುವವನಿಗೆ ನಮ್ಮ ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರೆ. ಅವರು ಆಗಲೇ ಕಡಲಿಗೆ ಹೋಗುವುದನ್ನು ಬಿಟ್ಟಿದ್ದರು. ಆದರೂ ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಮರಳು ಈ ವರ್ಷ ಎಲ್ಲಿ ಕೂತಿದೆ, ದೋಣಿ ಎಲ್ಲಿಂದ ದಾಟಬೇಕು ಎಂದು ಕೇಳಲು ಬೇರೆ ಬೇರೆ ದೋಣಿಯವರು ಅವರ ಜಗಲಿಗೆ ಬರುತ್ತಿದ್ದರು. ಹೊನ್ನಾವರದ ಅಳಿವೆ ಕೆಟ್ಟದ್ದು. ಮಳೆಗಾಲ ಮುಗಿಯುವಷ್ಟರಲ್ಲಿ ಮರಳು ಜಾಗ ಬದಲಿಸಿರುತ್ತದೆ. ಅಜ್ಜ ದಡದಲ್ಲಿ ನಿಂತು ತೆರೆ ಒಡೆಯುವ ರೀತಿ ನೋಡಿಯೇ ದಾರಿ ಹೇಳುತ್ತಿದ್ದರು, ಕೇಳಿದವರು ಎರಡನೆಯ ಮಾತಿಲ್ಲದೆ ಹಾಗೇ ಹೋಗುತ್ತಿದ್ದರು.

ಕೋಟಿನ ಕತೆಯೂ ಅಳಿವೆಯದ್ದೇ. ಏಳೆಂಟು ತಲೆಮಾರಿನ ಹಿಂದೆ, ಮೆಣಸಿನ ವ್ಯಾಪಾರಕ್ಕೆ ಬಂದ ಪರದೇಶದ ಹಡಗೊಂದು ಅಳಿವೆಯ ಹೊರಗೆ ಗಾಳಿಗೆ ಸಿಕ್ಕಿತ್ತಂತೆ. ಈ ಮನೆಯ ಹಿರಿಯನೊಬ್ಬ ಸಣ್ಣ ದೋಣಿಯಲ್ಲಿ ಹೋಗಿ, ಹಡಗು ಹತ್ತಿ, ಅದನ್ನು ಮರಳಿಗೆ ತಾಗಿಸದೆ ಒಳಗೆ ತಂದನಂತೆ. ಹಡಗಿನ ಕಪ್ತಾನ ಖುಷಿಯಾಗಿ ತನ್ನ ಮೈಮೇಲಿದ್ದ ಸೂಟನ್ನೇ ಬಿಚ್ಚಿ ಕೊಟ್ಟನಂತೆ. ಇಜಾರು ಯಾವಾಗಲೋ ಇಲಿಪಾಲಾಗಿತ್ತು. ಉಳಿದದ್ದು ಕೋಟು ಮತ್ತು ವೇಸ್ಟ್‌ಕೋಟು. ಅಜ್ಜ ಈ ಕತೆಯನ್ನು ನನಗೆ ಮೂರು ಸಲವಾದರೂ ಹೇಳಿದರು. ಮೂರು ಸಲವೂ ಅದೇ ಮಾತು, ನಿಲ್ಲಿಸುತ್ತಿದ್ದದ್ದೂ ಅದೇ ಜಾಗದಲ್ಲಿ.

ಪೇಟೆಯಲ್ಲಿ ತಮ್ಮನ್ನು ಮೀನಿನವರು ಎಂದು ಒಂದು ಮಾರು ದೂರ ನಿಲ್ಲಿಸುತ್ತಿದ್ದ ಜನಕ್ಕೆ ಆ ಮನೆಯವರು ಕೊಡುತ್ತಿದ್ದ ಉತ್ತರ ಆ ಕೋಟು. ಅದಕ್ಕೆ ಒಂದು ಕ್ರಮವೂ ಇತ್ತು. ಮನೆಯ ಗಂಡುಮಗ ಮೊದಲ ಸಲ ತಾಂಡೇಲನಾಗಿ ದೋಣಿ ಏರುವ ದಿನ, ಬಂದರಿನಲ್ಲಿ ಎಲ್ಲರೆದುರು ತನ್ನ ಬಲಗೈಯನ್ನು ಕೋಟಿನ ಬಲದ ತೋಳಿನಲ್ಲಿ ತೂರಿಸಬೇಕು. ಬಲಗೈ ಮಾತ್ರ, ಚುಕ್ಕಾಣಿ ಹಿಡಿಯುವ ಕೈ. ಇಡೀ ಕೋಟನ್ನು ಯಾರೂ ತೊಡುವಂತಿಲ್ಲ, ಅದು ಕಪ್ತಾನನದ್ದು. ಈ ಕ್ರಮವನ್ನು ಅಜ್ಜ ಹೇಳಿದಾಗ ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡೆನೇ ಹೊರತು ಅದರ ಬಗ್ಗೆ ಒಂದು ಗಳಿಗೆಯೂ ಯೋಚಿಸಲಿಲ್ಲ.

ನಾನು ಹೋಗಲು ಶುರುಮಾಡಿದ್ದು ಒಂದು ಮಳೆಗಾಲದಲ್ಲಿ. ದೋಣಿಗಳೆಲ್ಲ ದಡದ ಮೇಲಿದ್ದವು. ಆ ಮನೆಯವರು ಇಂಜಿನ್ನಿನ ಹೊಸ ಬೋಟು ತರಿಸಿದ್ದರು. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಮೊಮ್ಮಗ, ಅಂದರೆ ನನ್ನ ವಿದ್ಯಾರ್ಥಿನಿಯ ಅಣ್ಣ, ಅದರ ತಾಂಡೇಲನಾಗುವವನಿದ್ದ. ಅದಕ್ಕೆಂದೇ ಕೋಟನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಗಾಳಿಗೆ ಇಟ್ಟಿದ್ದರು. ಹುಳ ಹಿಡಿಯದಿರಲಿ ಎಂದು ಮಡಿಕೆಗಳ ನಡುವೆ ಕರಿಮೆಣಸಿನ ಕಾಳು ಹಾಕಿದ್ದರು. ಮೊದಲ ದಿನವೇ ಅಜ್ಜ ನನಗೆ ಕಟ್ಟುಮಾಡಿ ಹೇಳಿದರು.

“ಅಕ್ಕೋರೆ, ಕಣ್ಣಲ್ಲಿ ನೋಡಿ, ಟೇಪು ಹಿಡೀರಿ, ಎಷ್ಟ್ ಬೇಕಾದ್ರೂ ಬರ್ಕಳಿ. ಕತ್ರಿ, ಬ್ಲೇಡು ಎಂತದೂ ತಾಗ್ಸುಕಾಗ.”

ನಾನು ಆತು ಎಂದೆ. ಆಗ ಮನಸ್ಸಿನಲ್ಲೂ ಹಾಗೇ ಇತ್ತು, ಅದೊಂದು ಸುಳ್ಳಲ್ಲ.

ಐದು ಭಾನುವಾರ ಹೋದೆ. ಬೆಳಿಗ್ಗೆ ಕುಮಟೆಯಿಂದ ಬಸ್ಸು ಹತ್ತಿದರೆ ಹತ್ತು ಗಂಟೆಯ ಒಳಗೆ ಅವರ ಜಗಲಿಯಲ್ಲಿರುತ್ತಿದ್ದೆ. ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಕೋಟನ್ನು ಮಲಗಿಸುತ್ತಿದ್ದರು. ನಾನು ಕೈ ತೊಳೆದು, ಒರೆಸಿ, ಕೂರಬೇಕು. ಅಜ್ಜ ಪಕ್ಕದಲ್ಲಿ ಬಲೆಯ ಹರಕು ಕಟ್ಟುತ್ತ ಕೂರುತ್ತಿದ್ದರು. ಕೋಟು ಬನಾತು ಎಂಬ ದಪ್ಪ ಉಣ್ಣೆ ಬಟ್ಟೆಯದ್ದು, ಒಂದು ಕಾಲಕ್ಕೆ ನೀಲಿಯಾಗಿದ್ದಿರಬೇಕು, ಈಗ ನೇರಳೆ ಹಣ್ಣು ಒಣಗಿದ ಬಣ್ಣ. ಬೆನ್ನಿನ ತುಂಡು ಎಷ್ಟು ಇಕ್ಕಟ್ಟೆಂದರೆ ಎರಡು ಗೇಣೂ ಇರಲಿಲ್ಲ. ತೋಳನ್ನು ಹಿಂದಕ್ಕೆ ತಳ್ಳಿ ಕೂರಿಸಿದ್ದರು. ಹಾಗಾಗಿ ಅದನ್ನು ತೊಟ್ಟವನು ಬೇಕೆಂದರೂ ಬೆನ್ನು ಬಾಗಿಸಿ ನಿಲ್ಲಲಾರ, ಎದೆ ಮುಂದೆ ಬಂದೇ ಬರುತ್ತದೆ. ತೋಳುಗಳು ಮೊಣಕೈಯಲ್ಲಿ ಬಾಗಿದ್ದವು. ಸೊಂಟದ ಎರಡೂ ಬದಿಗೆ ಬೀಸಣಿಗೆಯಂತೆ ಮಡಿಕೆಗಳು. ಗುಂಡಿಗಳು ಮರದ ಬಿಲ್ಲೆಗೆ ದಾರ ಸುತ್ತಿ ಮಾಡಿದವು. ವೇಸ್ಟ್‌ಕೋಟಿನ ಮುಂದೆ ರೇಷ್ಮೆ, ಕಸೂತಿ. ಕೋಟಿನ ಅಡಿ ಕಾಣದ ಬೆನ್ನಿಗೆ ಒರಟು ಬಟ್ಟೆ. ಅಲ್ಲಿ ನನಗೆ ನಗು ಬಂತು. ಯಾವ ಕಾಲದಲ್ಲಾದರೂ, ಯಾವ ದೇಶದಲ್ಲಾದರೂ ದರ್ಜಿಯ ಜಾತಿ ಒಂದೇ, ಕಾಣದ ಕಡೆ ಬಟ್ಟೆ ಉಳಿಸುತ್ತಾನೆ. ಇದನ್ನು ಅಜ್ಜನಿಗೆ ಹೇಳಿದೆ. ಅವರೂ ನಕ್ಕರು.

ಹೊರಗಿನದ್ದೆಲ್ಲ ಬರೆದು ಮುಗಿದಾಗ ಉಳಿದದ್ದು ಒಳಗಿನದ್ದು. ಬನಾತಿಗೂ ಅಸ್ತರಿಗೂ ನಡುವೆ ಏನು ಹಾಕಿ ಎದೆಯನ್ನು ಹಾಗೆ ನಿಲ್ಲಿಸಿದ್ದಾರೆ? ಬೆರಳಿನಿಂದ ಒತ್ತಿ ನೋಡಿದರೆ ಏನೋ ದಪ್ಪಗಿನದ್ದು ತಾಗುತ್ತಿತ್ತು. ನಾಲ್ಕನೆಯ ಭಾನುವಾರದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಐದನೆಯ ಭಾನುವಾರ ಹೊರಡುವಾಗ ಪರ್ಸಿನಲ್ಲಿ ಅರ್ಧ ಬ್ಲೇಡು ಕಾಗದದಲ್ಲಿ ಸುತ್ತಿ ಇಟ್ಟುಕೊಂಡೆ. ಪೆನ್ಸಿಲ್ಲು ಹೆರೆಯಲಿಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಪರ್ಸಿನಲ್ಲಿ ಆಗಲೇ ಒಂದು ಶಾರ್ಪನರು ಇತ್ತು.

ಅವತ್ತು ಹನ್ನೊಂದರ ಹೊತ್ತಿಗೆ ಹೊಸ ಬೋಟನ್ನು ನೀರಿಗೆ ಇಳಿಸುವುದರ ಬಗ್ಗೆ ಏನೋ ಕೇಳಲು ಬಂದರಿನಿಂದ ಅಜ್ಜನಿಗೆ ಕರೆ ಬಂತು. ಮೊಮ್ಮಗಳು ಒಳಗೆ ಅಡುಗೆಗೆ ಸಹಾಯ ಮಾಡುತ್ತಿದ್ದಳು. ಜಗಲಿಯಲ್ಲಿ ನಾನು, ಕೋಟು, ಇಬ್ಬರೇ. ಅಜ್ಜ ಹೋಗುವಾಗ ನನ್ನ ಕಡೆ ಅನುಮಾನದಿಂದ ನೋಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಅವರು ನೋಡಲೇ ಇಲ್ಲ, ಕೊಡೆ ತೆಗೆದುಕೊಂಡು ಹೋದರು.

ಬಲದ ತೋಳಿನ ಬಗಲಿನಲ್ಲಿ ಅಸ್ತರಿನ ಹೊಲಿಗೆ ಸ್ವಲ್ಪ ಸಡಿಲಾಗಿತ್ತು. ಅಲ್ಲೇ ಬ್ಲೇಡು ಹಾಕಿದೆ. ನಾಲ್ಕು ಬೆರಳಿನಷ್ಟು ಬಿಚ್ಚಿ, ಅಸ್ತರು ಎತ್ತಿ, ಬಾಗಿಲ ಬೆಳಕಿಗೆ ಹಿಡಿದು ಇಣುಕಿದೆ. ಒಳಗೆ ಇದ್ದದ್ದು ಹಾಯಿ ಬಟ್ಟೆ. ನಮ್ಮ ಪತ್ತೇಮಾರಿಗಳಿಗೆ ಕಟ್ಟುವ ದಪ್ಪ ಹತ್ತಿಯ ಹಾಯಿ, ನಾನು ಭಟ್ಕಳದ ಬಂದರಿನಲ್ಲಿ ಚಿಕ್ಕಂದಿನಿಂದ ನೋಡಿದ್ದು. ಹೊಲಿದದ್ದು ಮೇಣ ಹಚ್ಚಿದ ಹತ್ತಿಯ ದಾರದಲ್ಲಿ, ಹಾಯಿ ಹೊಲಿಯುವ ಹಾಗೆ ಸುತ್ತಿ ಸುತ್ತಿ. ನನಗೆ ಕ್ಷಣದಲ್ಲಿ ಎಲ್ಲ ಹೊಳೆಯಿತು. ಈ ಕೋಟು ಪರದೇಶದಿಂದ ಬಂದದ್ದೇ ಅಲ್ಲ! ನಮ್ಮ ಕಡೆಯ ಯಾವನೋ ದರ್ಜಿ, ಹಡಗಿನವರ ಕೋಟು ನೋಡಿ, ಒಳಗೆ ಗಟ್ಟಿಗೆ ಕೊಡುವ ಬಕ್ರಮ್ಮಿನ ಬದಲು ಹಾಯಿ ಬಟ್ಟೆ ಹಾಕಿ ಹೊಲಿದದ್ದು. ನನ್ನ ಅಪ್ಪನಂಥವನು. ಎಂಥ ಕೈ ಇದ್ದಿರಬೇಕು ಅವನದ್ದು ಎಂದು ನನಗೆ ಕಣ್ಣಲ್ಲಿ ನೀರೇ ಬಂತು.

ಬಿಚ್ಚಿದ್ದನ್ನು ಅದೇ ತೂತುಗಳಲ್ಲಿ ಸೂಜಿ ಹಾಕಿ ಹೊಲಿದೆ. ಅಜ್ಜ ಬಂದದ್ದು ಅದಾಗಿ ಮುಕ್ಕಾಲು ಗಂಟೆಯ ಮೇಲೆ. ಎಡಗಡೆಯನ್ನೂ ಅಷ್ಟೇ ಬಿಚ್ಚಿ ನೋಡಲು ಬೇಕಾದಷ್ಟು ಸಮಯ. ನೋಡಲಿಲ್ಲ. ಬೇಕಾದದ್ದು ಸಿಕ್ಕಿತ್ತು.

ಅವರು ಬಂದ ಕೂಡಲೇ ನಾನು ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಮೊದಲು ಬಿಚ್ಚಿದ್ದನ್ನು ಹೇಳಿದೆ, ಕ್ಷಮೆ ಕೇಳಿದ ಹಾಗೂ ಮಾಡಿದೆ. ಆಮೇಲೆ ಹಾಯಿ ಬಟ್ಟೆಯ ಸಂಗತಿ. ನಾನು ಅದನ್ನು ಒಳ್ಳೆಯ ಸುದ್ದಿಯೆಂದೇ ಹೇಳಿದೆ, ದೇವರಾಣೆ. ನಮ್ಮವರು ಹೊಲಿದದ್ದು ಅಜ್ಜ, ನಮ್ಮವರು, ಎಂದು ಎರಡು ಸಲ ಹೇಳಿದೆ. ಒಳಗಿನಿಂದ ಬಂದು ನಿಂತಿದ್ದ ಮೊಮ್ಮಗಳ ಮುಖ ಇಳಿಯುತ್ತಿದ್ದದ್ದು ಕಂಡರೂ ನಿಲ್ಲಿಸಲಿಲ್ಲ. ಬ್ಲೇಡಿನ ಬಗ್ಗೆ ಅಜ್ಜ ಒಂದು ಮಾತೂ ಆಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಖಾತ್ರಿಯಾ ಅಕ್ಕೋರೆ?”

“ಖಾತ್ರಿ,” ಎಂದೆ.

ಬಹುಶಃ ಇರಬಹುದು ಎನ್ನಬಹುದಿತ್ತು. ಇನ್ನೊಂದು ಕಡೆ ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಮಗಳಿಗೆ ಕೋಟು ಎಂತಕ್ಕೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಡುತ್ತಿರುವವಳ ಹಾಗೆ, ಗತ್ತಿನಲ್ಲಿ, ಖಾತ್ರಿ ಎಂದೆ. ಅವರು ತಮ್ಮ ಕೆಲಸದಲ್ಲಿ ಖಾತ್ರಿಯಿಲ್ಲದೆ ಬಾಯಿ ತೆರೆದವರಲ್ಲ. ನಾನೂ ನನ್ನ ಕೆಲಸದಲ್ಲಿ ಹಾಗೇ ಎಂದು ನಂಬಿದರು.

ನೂಲಹುಣ್ಣಿಮೆಯ ದಿನ ನನಗೂ ಕರೆ ಇತ್ತು, ರಜೆ ಹಾಕಿ ಹೋದೆ. ಬಂದರಿನ ತುಂಬ ಜನ. ಬೋಟಿಗೆ ಹೂವಿನ ಮಾಲೆ, ಮಾವಿನ ತೋರಣ. ಪೂಜೆಯಾಯಿತು, ಸಮುದ್ರಕ್ಕೆ ಕಾಯಿ ಬಿಟ್ಟರು. ಮೊಮ್ಮಗ ಹೊಸ ಅಂಗಿ ತೊಟ್ಟು, ಬಲದ ತೋಳನ್ನು ಮೇಲಕ್ಕೆ ಮಡಚಿ ನಿಂತಿದ್ದ. ಎಲ್ಲರೂ ಕೋಟು ಎಲ್ಲಿ ಎಂದು ನೋಡುತ್ತಿದ್ದರು. ಆಗ ಅಜ್ಜ ಮುಂದೆ ಬಂದು, ಕೋಟು ತಂದಿಲ್ಲ, ಇನ್ನು ತರುವುದೂ ಇಲ್ಲ ಎಂದರು. ಕಪ್ತಾನ ಕೊಟ್ಟದ್ದು ಎಂದು ನನ್ನ ಅಪ್ಪ ಹೇಳಿದ್ದ, ಅವನ ಅಪ್ಪ ಹೇಳಿದ್ದ, ನಾನೂ ನಿಮಗೆಲ್ಲ ಹೇಳುತ್ತ ಬಂದೆ, ಅದು ಸುಳ್ಳು, ಇಲ್ಲಿಯದೇ ಹೊಲಿಗೆ, ಕುಮಟೆಯ ಅಕ್ಕೋರು ಒಳಗೆ ನೋಡಿ ಖಾತ್ರಿ ಮಾಡಿದ್ದಾರೆ ಎಂದರು. ಸ್ವರ ಏರಲಿಲ್ಲ, ಇಳಿಯಲಿಲ್ಲ. ಯಾರೂ ಕೇಳಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಸುಳ್ಳು ಎಂದು ಗೊತ್ತಾದದ್ದನ್ನು ಮೊಮ್ಮಗನ ಕೈಗೆ ತೊಡಿಸಲು ಅವರಿಂದ ಆಗಲಿಲ್ಲ, ಅಷ್ಟೇ.

ಜನ ತಿರುಗಿ ನನ್ನನ್ನು ನೋಡಿದರು. ಆಗ ನನಗೆ ಏನನಿಸಿತು ಎಂಬುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಹೆಮ್ಮೆಯಾಯಿತು. ಸೆರಗು ಸರಿಮಾಡಿಕೊಂಡೆ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಇಷ್ಟು ವರ್ಷ ಮೆರೆಸಿದ್ದು ದರ್ಜಿಯ ಕೋಟೋ ಎಂದು ಇನ್ನೊಬ್ಬರು ಕೊಂಕಣಿಯಲ್ಲಿ ಅಂದರು. ಮೊಮ್ಮಗ ಮಡಚಿದ್ದ ತೋಳನ್ನು ಕೆಳಗೆ ಇಳಿಸಿ ಗುಂಡಿ ಹಾಕಿಕೊಂಡು ಬೋಟು ಹತ್ತಿದ.

ಮುಂದಿನ ಭಾನುವಾರ ನಾನು ಹೋದಾಗ ಕೋಟು, ವೇಸ್ಟ್‌ಕೋಟು ಎರಡನ್ನೂ ಬಿಳಿ ಪಂಚೆಯಲ್ಲಿ ಕಟ್ಟಿ ಜಗಲಿಯ ಮೇಲೆ ಇಟ್ಟಿದ್ದರು. ದರ್ಜಿಯ ಕೆಲಸ ದರ್ಜಿಯ ಮನೆಯಲ್ಲೇ ಇರಲಿ, ತಗೊಂಡು ಹೋಗಿ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ನಾನು ಬೇಡ ಅಜ್ಜ, ನಿಮ್ಮ ಮನೆಯದ್ದು ಎಂದೆ, ಒಂದು ಸಲ. ಅವರು ಗಂಟನ್ನು ನನ್ನ ಕಡೆ ಸರಿಸಿದರು. ಎರಡನೆಯ ಸಲ ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಮಟೆಯವರೆಗೂ ಅದನ್ನು ಕೆಳಗಿಡಲಿಲ್ಲ. ಆಸೆ ಮೊದಲೇ ಇತ್ತೇ? ಸುದ್ದಿ ಹೇಳುವಾಗಲೇ ಇದು ನನಗೆ ಬರಬಹುದು ಎಂದು ಮನಸ್ಸಿನ ಮೂಲೆಯಲ್ಲಿ ಇತ್ತೇ? ಇರಲಿಲ್ಲ ಎಂದು ಬರೆಯಲು ಪೆನ್ನು ಏಳುತ್ತಿಲ್ಲ.

ಮೊಮ್ಮಗಳು ಆ ವಾರದಿಂದ ಕ್ಲಾಸಿಗೆ ಬರಲಿಲ್ಲ. ಅವಳ ಮಿಷನ್ನಿನ ಮೇಲೆ ಅರ್ಧ ಹೊಲಿದ ಒಂದು ಫ್ರಾಕು ಹಾಗೇ ಇತ್ತು. ನಾನೇ ಮುಗಿಸಿ ಬೇರೊಬ್ಬಳ ಕೈಯಲ್ಲಿ ಕಳಿಸಿದೆ.

ಕೋಟನ್ನು ಬಿಚ್ಚಲು ಶುರುಮಾಡಿದೆ. ಈಗ ಯಾರ ಅಂಕೆಯೂ ಇರಲಿಲ್ಲ. ದಿನಕ್ಕೆ ಒಂದೊಂದು ಹೊಲಿಗೆ, ಬಿಚ್ಚುವ ಮೊದಲು ಸೂಜಿಯ ಟಾಕಿ ಎಷ್ಟು ಬಿದ್ದಿದೆ, ಯಾವ ಕಡೆ ಓರೆ ಎಂದು ಬರೆದುಕೊಂಡು. ಕೋಣೆಯ ನೆಲದ ತುಂಬ ಬ್ರೌನ್ ಪೇಪರು. ಬೆನ್ನು, ಮಡಿಕೆಗಳು, ಕಾಲರು. ಬಲಗಡೆ ಏನಿದೆ ಎಂದು ಗೊತ್ತೇ ಇತ್ತಲ್ಲ, ಅದಕ್ಕೆ ಎಡಗಡೆಯಿಂದ ಹೊರಟೆ. ಹದಿನೈದು ದಿನಕ್ಕೆ ಎಡಗಡೆಯ ಎದೆಯ ಅಸ್ತರು ಎದ್ದು ಬಂತು. ಅದರೊಳಗೆ ಹಾಯಿ ಬಟ್ಟೆ ಇರಲಿಲ್ಲ. ಗಂಜಿ ಹಾಕಿದ ಬೂದು ಬಣ್ಣದ ಲಿನನ್, ಅದರ ಮೇಲೆ ಕುದುರೆಯ ಕೂದಲು ಸೇರಿಸಿ ನೆಯ್ದ ಇನ್ನೊಂದು ತುಂಡು, ಎರಡನ್ನೂ ಸೇರಿಸಿ ಓರೆಯಾದ ಸಣ್ಣ ಸಣ್ಣ ಟಾಕಿ. ಅಂಥ ಬಟ್ಟೆ ನಮ್ಮ ಕರಾವಳಿಯಲ್ಲಿ ಯಾವ ದರ್ಜಿಯ ಕೈಗೂ ಬಂದಿರಲು ಸಾಧ್ಯವಿಲ್ಲ. ಅಂಥ ಟಾಕಿಯನ್ನು ನಾನಂತೂ ಕಂಡಿರಲಿಲ್ಲ.

ಬಲಗಡೆಯನ್ನು ಪೂರ್ತಿ ಬಿಚ್ಚಿದೆ. ಹಾಯಿ ಬಟ್ಟೆಯ ಅಡಿಯಲ್ಲಿ, ಬಗಲಿನ ಸುತ್ತ, ಅದೇ ಲಿನನ್ನಿನ ಚಿಂದಿಗಳು ಸಿಕ್ಕವು. ಉಳಿದದ್ದು ಸವೆದು ಹೋಗಿತ್ತು. ಏಳೆಂಟು ತಲೆಮಾರಿನ ತಾಂಡೇಲರು ಒಬ್ಬರ ನಂತರ ಒಬ್ಬರು ತೂರಿಸಿದ್ದು ಬಲಗೈಯನ್ನೇ. ಅವು ಸಣ್ಣ ಕೈಗಳಲ್ಲ, ಹುಟ್ಟು ಹಾಕುವ ತೋಳುಗಳು. ಬಲದ ಬಗಲು ಹರಿಯದೆ ಇನ್ನೇನು ಆದೀತು? ಹರಿದಾಗ ಮನೆಯವರೇ ಯಾರೋ ಮನೆಯಲ್ಲಿದ್ದ ಹಾಯಿಯ ತುಂಡು ಒಳಗಿಟ್ಟು, ಹಳೆಯ ಅಸ್ತರನ್ನೇ ಅದರ ಮೇಲೆ ಎಳೆದು, ತಮಗೆ ಗೊತ್ತಿದ್ದ ಹಾಯಿಯ ಹೊಲಿಗೆಯಲ್ಲಿ ಹೊಲಿದಿದ್ದಾರೆ. ಬಲಗೈ ಮಾತ್ರ ಎಂದು ಅಜ್ಜ ಹೇಳಿದ್ದು ನನ್ನ ನೋಟುಬುಕ್ಕಿನ ಎರಡನೆಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು. ಕತೆ ಕತೆಯಾಗಿಯೇ ನಿಜವೋ, ಕಪ್ತಾನ ಮೈಮೇಲಿನಿಂದಲೇ ಬಿಚ್ಚಿ ಕೊಟ್ಟನೋ ನನಗೆ ಗೊತ್ತಿಲ್ಲ. ಆದರೆ ಕೋಟು ಕಡಲು ದಾಟಿ ಬಂದದ್ದು ನಿಜ.

ಮರುದಿನವೇ ತುಂಡುಗಳನ್ನು ಕಟ್ಟಿಕೊಂಡು ಭಟ್ಕಳಕ್ಕೆ ಹೋದೆ. ಅಪ್ಪನಿಗೆ ಆಗಲೇ ಕಣ್ಣು ಮಂಜು, ಬೆರಳಿನಲ್ಲೇ ನೋಡುತ್ತಿದ್ದರು. ಎಡಗಡೆ ಮುಟ್ಟಿದರು, ಬಲಗಡೆ ಮುಟ್ಟಿದರು. ನಾನು ನಡೆದದ್ದೆಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

“ಎಂತ ಮಗಾ, ರಿಪೇರಿ ಮಾಡಿದ್ ಜಾಗ ನೋಡ್ಕಂಡು ಹೊಲ್ದವ ಯಾರು ಅಂತ ಹೇಳಿ ಬಂದ್ಯಾ?” ಎಂದು ಕೇಳಿದರು. ಆಮೇಲೆ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ಮೊದಲು ಹೋಗಿ ಹೇಳು ಎಂದರು.

ಹೋಗಲಿಲ್ಲ. ತುಂಡು ತುಂಡಾದ ಕೋಟನ್ನು ಹಿಡಿದುಕೊಂಡು ಹೇಗೆ ಹೋಗುವುದು, ಮೊದಲು ಹೊಲಿದು ಸರಿಮಾಡಿ ಆಮೇಲೆ ಹೋಗುತ್ತೇನೆ ಎಂದುಕೊಂಡೆ. ಹೊಲಿಯುವುದು ಬಿಚ್ಚಿದಷ್ಟು ಸುಲಭವಿರಲಿಲ್ಲ, ಬನಾತು ಸೂಜಿ ತಾಗಿದಲ್ಲೆಲ್ಲ ಪುಡಿಯಾಗುತ್ತಿತ್ತು. ಒಂದು ವರ್ಷ ಹಾಗೆ ಹೋಯಿತು. ಆಮೇಲೆ ಅಪ್ಪನ ಕಾಯಿಲೆ, ಅಪ್ಪ ಹೋದದ್ದು. ಆಮೇಲೆ ಪರೀಕ್ಷೆ, ಮಳೆ, ಮದುವೆಯ ಕಾಲ. ನೆವಗಳಿಗೇನು ಬರವೇ? ಈ ನಡುವೆ ಆ ಕೋಟಿನಿಂದ ಕಲಿತ ಕಟಿಂಗಿಗೆ ನನಗೆ ಹೆಸರು ಬಂತು. ಬೆನ್ನು ಇಕ್ಕಟ್ಟು ಮಾಡಿ ತೋಳು ಹಿಂದೆ ಕೂರಿಸುವ ನನ್ನ ರೀತಿ ನೋಡಲು ಬೇರೆ ಊರಿನ ಹೊಲಿಗೆಯ ಅಕ್ಕೋರುಗಳು ಬಂದರು. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಅಪ್ಪನಿಂದ ಎಂದೆ.

ಏಳು ವರ್ಷದ ಮೇಲೆ ಹೋದೆ, ಎಂಬತ್ತರ ದಶಕದ ನಡುವೆ. ಕೋಟು ಹೊಲಿದಾಗಿತ್ತು, ನನ್ನಿಂದ ಆದಷ್ಟು ಮೊದಲಿನಂತೆ. ಚಳಿಗಾಲದ ಒಂದು ಮಧ್ಯಾಹ್ನ. ಮನೆಯ ತುಂಬ ಮಕ್ಕಳು, ಅಂಗಳದಲ್ಲಿ ನೈಲಾನ್ ಬಲೆ ರಾಶಿ. ನನ್ನ ವಿದ್ಯಾರ್ಥಿನಿ ಮದುವೆಯಾಗಿ ಭಟ್ಕಳದ ಜಾಲಿಯ ಕಡೆ ಹೋಗಿದ್ದಳಂತೆ. ಅಜ್ಜ ತೀರ ಇಳಿದಿದ್ದರು, ಆದರೂ ನನ್ನ ಗುರುತು ಹಿಡಿದು, ಸೊಸೆಯನ್ನು ಕರೆದು ಚಹಾ ತರಿಸಿದರು. ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ. ಲಿನನ್ನು, ಕುದುರೆ ಕೂದಲು, ಬಲದ ಬಗಲು. ನಾನು ತಪ್ಪು ಹೇಳಿದೆ, ನಿಮ್ಮ ಹಿರಿಯರು ಸುಳ್ಳು ಹೇಳಿರಲಿಲ್ಲ ಎಂದೆ. ಗಂಟನ್ನು ಅವರ ಮುಂದಿಟ್ಟು, ಇದು ನಿಮ್ಮದು, ಇಟ್ಟುಕೊಳ್ಳಿ ಎಂದೆ. ಇಷ್ಟು ಹೇಳಿದರೆ ನನ್ನ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ.

ಅಜ್ಜ ಗಂಟನ್ನು ಬಿಚ್ಚಲಿಲ್ಲ.

“ಕೋಟು ನಂಗೆ ಎಂತಕ್ಕೆ ಅಕ್ಕೋರೆ?” ಎಂದರು. “ಅವತ್ತು ಎಲ್ಲರ ಮುಂದೆ ನಮ್ಮಪ್ಪ ಹೇಳಿದ್ದು ಸುಳ್ಳು, ನಾ ಹೇಳಿದ್ದೂ ಸುಳ್ಳು ಅಂತ ನಾನೇ ಹೇಳಿದೆ. ಮೊಮ್ಮಗ ಅವತ್ತಿಂದ ಅಳಿವೆ ಬಗ್ಗೆ ನನ್ನತ್ರ ಒಂದ್ ಮಾತು ಕೇಳ್ಲಿಲ್ಲ. ಅವ ಕೇಳ್ದೇ ಇದ್ಮೇಲೆ ಬೇರೆ ಬೋಟಿನವ್ರೂ ಬಪ್ಪುದು ನಿಲ್ಸಿದ್ರು.”

ಮೊಮ್ಮಗನಿಗೇನೂ ಆಗಿರಲಿಲ್ಲ, ತನ್ನ ದಾರಿ ತಾನೇ ಹುಡುಕಿಕೊಂಡು ಚೆನ್ನಾಗಿಯೇ ಬೋಟು ನಡೆಸುತ್ತಿದ್ದನಂತೆ. ಅದನ್ನೂ ಅಜ್ಜನೇ ಹೇಳಿದರು, ಅವನ ಮೇಲೆ ತಪ್ಪು ಬರಬಾರದು ಎಂಬಂತೆ. ಏಳು ವರ್ಷ ಆ ಜಗಲಿಗೆ ದಾರಿ ಕೇಳಲು ಯಾರೂ ಬಂದಿರಲಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೂ ಅವರು ದಡಕ್ಕೆ ಹೋಗಿ, ಮರಳು ಎಲ್ಲಿ ಕೂತಿದೆ ಎಂದು ನೋಡಿಕೊಂಡು, ಹಾಗೇ ವಾಪಸು ಬರುತ್ತಿದ್ದರಂತೆ.

ನೀವೇ ಎಲ್ಲರಿಗೂ ಹೇಳಿ ಅಜ್ಜ, ತಪ್ಪು ನನ್ನದು ಎಂದು ಹೇಳಿ ಎಂದೆ.

“ನಾ ಹೇಳಿದ್ರೆ ಆಗುದಿಲ್ಲ. ತಾಂಡೇಲ ಎಡಕ್ಕೆ ಅಂದು, ಬಲಕ್ಕೆ ಅಂದು, ಮತ್ತೆ ಎಡಕ್ಕೆ ಅಂದ್ರೆ ಯಾರು ಕೇಳ್ತ್ರು? ಬೋಟು ಐದರ ಮೇಲೆ ಬತ್ತದೆ. ನೀವು ಕೂತ್ಕಳಿ. ಅವನ ಹತ್ರ ನೀವೇ ಹೇಳಿ. ನಿಮ್ಮ ಬಾಯಲ್ಲೇ ಬಂದದ್ದಲ್ವಾ, ನಿಮ್ಮ ಬಾಯಲ್ಲೇ ಹೋಗ್ಲಿ.”

ಆಗ ನಾಲ್ಕು ಗಂಟೆ. ಬೋಟಿನಿಂದ ಇಳಿದು ಬರುವ ಆ ಮೊಮ್ಮಗನ ಮುಖ, ಅವನ ಜೊತೆಗೆ ಬರುವ ಹತ್ತು ಹದಿನೈದು ಜನ, ಅವರ ಮಧ್ಯೆ ನಿಂತು ನನಗೆ ತಿಳಿಯಲಿಲ್ಲ, ತಿಳಿಯದೆ ಖಾತ್ರಿ ಎಂದೆ ಎಂದು ಹೇಳುವ ನಾನು, ಎಲ್ಲ ಕಣ್ಣಿಗೆ ಕಟ್ಟಿತು. ಕುಮಟೆಗೆ ನಾಲ್ಕೂಕಾಲಿನ ಬಸ್ಸು ಹಿಡಿಯಬೇಕು ಅಜ್ಜ, ಇನ್ನೊಂದು ದಿನ ಬರುತ್ತೇನೆ ಎಂದೆ. ಅವರು ಆತು ಎಂದರು. ಗಂಟನ್ನು ಎತ್ತಿ ನನ್ನ ಕೈಗೇ ಕೊಟ್ಟರು, ಮೆಟ್ಟಿಲವರೆಗೆ ಬಂದರು.

ಇನ್ನೊಂದು ದಿನ ಹೋಗಲಿಲ್ಲ. ಎರಡು ಮಳೆಗಾಲದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಕೋಟು ಈಗಲೂ ನನ್ನ ಮನೆಯಲ್ಲಿದೆ. ಆ ಸಂಜೆ ಕುಮಟೆಗೆ ಐದೂವರೆಗೂ ಬಸ್ಸಿತ್ತು, ಆರೂವರೆಗೂ ಇತ್ತು, ಎಂಟು ಗಂಟೆಗೂ ಇತ್ತು.